ಬಳ್ಳಿಗಾವೆಯ ಸುತ್ತಮುತ್ತ

ಮಕ್ಕಳನ್ನು ಕರೆದುಕೊಂಡು ಅಲ್ಲಮಪ್ರಭುದೇವರ ಊರನ್ನೂ ಅಕ್ಕನ ಊರನ್ನೂ ನೋಡಿ ಬರಬೇಕೆಂದಿದ್ದೇವೆ, ಒಂದು ದಿನ ಸಾಕಾದೀತೆ ಎಂದು ಬಂಧುಗಳೂ ಓದುಗರೂ ನಮ್ಮನ್ನು ಆಗಾಗ ಕೇಳುವುದುಂಟು. ಬೆಳಗಿನ ಬಸ್ಸಿಗೆ ಬಂದು, ಬಾಗಿಲಲ್ಲಿ ಕೈಮುಗಿದು, ಚಿತ್ರ ತೆಗೆಸಿಕೊಂಡು, ಸಂಜೆಯೊಳಗೆ ಜೋಗದ ದಾರಿ ಹಿಡಿಯುವವರಿಗೆ ಒಂದು ದಿನವೂ ಹೆಚ್ಚೇ. ಆದರೆ ಈ ನೆಲದಲ್ಲಿ ಹುಟ್ಟಿ, ಇದರ ಕೆರೆಗಳಲ್ಲಿ ಈಜು ಕಲಿತ ನಮಗೆ ಅಂಥ ಯಾತ್ರೆಯನ್ನು ಹೊಗಳುವ ಮನಸ್ಸು ಬಾರದು. ಆದುದರಿಂದ ಈ ತಿಂಗಳು ಶಿಕಾರಿಪುರದ ಸೀಮೆಯನ್ನು ನಮ್ಮ ಕಣ್ಣಿನಿಂದ ತೋರಿಸಲು ಯತ್ನಿಸುತ್ತೇವೆ.

ಇದು ಪೂರ್ಣ ಮಲೆನಾಡೂ ಅಲ್ಲ, ಬಯಲುಸೀಮೆಯೂ ಅಲ್ಲ. ಪಶ್ಚಿಮಕ್ಕೆ ಸೊರಬದ ಕಾಡು, ಈಶಾನ್ಯಕ್ಕೆ ಹಿರೇಕೆರೂರಿನ ಕಪ್ಪುಮಣ್ಣಿನ ಹೊಲ. ನಡುವೆ ದಿಣ್ಣೆಗೊಂದು ಊರು, ತಗ್ಗಿಗೊಂದು ಕೆರೆ. ಹಿಂದೆ ಬತ್ತವೇ ಪ್ರಧಾನವಾಗಿದ್ದ ಗದ್ದೆಗಳಲ್ಲಿ ಈಗ ಅಡಿಕೆ ಸಸಿಗಳು ತಲೆ ಎತ್ತಿವೆ, ಮೆಕ್ಕೆಜೋಳ ಹಬ್ಬಿದೆ. ಕುಮುದ್ವತಿ ನದಿ ಇಲ್ಲಿ ಹರಿಯುತ್ತದೆ. ಶಾಸನಗಳ ಕಾಲದಲ್ಲಿ ಇದು ಬನವಾಸಿ ಹನ್ನೆರಡು ಸಾಸಿರ ಎಂಬ ದೊಡ್ಡ ನಾಡಿನ ಭಾಗ. ಅದರೊಳಗೆ ನಾಗರಖಂಡ ಎಪ್ಪತ್ತು ಎಂಬ ಒಳನಾಡು. ಬನವಾಸಿಯು ಹೆಸರಿಗೆ ರಾಜಧಾನಿಯಾಗಿದ್ದರೂ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಆಳ್ವಿಕೆಯ ನಿಜವಾದ ನೆಲೆ ಬಳ್ಳಿಗಾವೆಯಾಗಿತ್ತು.

ಬರುವವರು ಶಿವಮೊಗ್ಗದವರೆಗೆ ರೈಲಿನಲ್ಲಿ ಬಂದು ಅಲ್ಲಿಂದ ಶಿಕಾರಿಪುರಕ್ಕೆ ಬಸ್ಸು ಹಿಡಿಯಬೇಕು. ಸುಮಾರು 50 ಕಿಲೋಮೀಟರ್ ದಾರಿ. ತಂಗಲು ಶಿಕಾರಿಪುರವೇ ಅನುಕೂಲ. ಮರುದಿನ ಶಿರಾಳಕೊಪ್ಪಕ್ಕೆ ಹೋದರೆ ಬಳ್ಳಿಗಾವೆ, ತಾಳಗುಂದಗಳೆರಡೂ ಕೂಗಳತೆಯಲ್ಲಿವೆ ಎನ್ನಬಹುದು. ದೀಪಾವಳಿಯಿಂದ ಶಿವರಾತ್ರಿಯವರೆಗೆ ಒಳ್ಳೆಯ ಕಾಲ. ಮಳೆಗಾಲದಲ್ಲಿ ಕೆರೆಗಳು ತುಂಬಿ ನೋಟ ಚೆನ್ನಾದರೂ ಒಳದಾರಿಗಳ ಕೆಸರನ್ನು ಪಟ್ಟಣದ ಪಾದರಕ್ಷೆಗಳು ತಾಳಲಾರವು. ಭಕ್ತಿಯೇ ಮುಖ್ಯವೆನ್ನುವವರು ಯುಗಾದಿಗೆ ಬರಲಿ. ಅಂದು ಅಲ್ಲಮಪ್ರಭು ಜಯಂತಿ. ಅಲ್ಲಿಂದ ಹದಿನೈದು ದಿನಕ್ಕೆ ದವನದ ಹುಣ್ಣಿಮೆ, ಅಕ್ಕಮಹಾದೇವಿ ಜಯಂತಿ. ಬಿಸಿಲು ಮಾತ್ರ ಬಲವಾಗಿರುತ್ತದೆ.

ಬಳ್ಳಿಗಾವೆಗೆ ಮೊದಲ ಬಾರಿಗೆ ಬರುವವರು ಸಾಮಾನ್ಯವಾಗಿ ನಿರಾಶರಾಗುತ್ತಾರೆ. ಹೆಂಚಿನ ಮನೆಗಳು, ಹುಲ್ಲಿನ ಬಣವೆಗಳು, ದನಕರುಗಳು. ಶರಣ ಸಂಪ್ರದಾಯದ ಶೂನ್ಯಸಿಂಹಾಸನಾಧೀಶ್ವರರು ಹುಟ್ಟಿದ ಊರು ಇದೇ ಏನು ಎಂದು ಒಬ್ಬ ತಾಯಿ ನಮ್ಮನ್ನು ಕೇಳಿದ್ದರು. ಇದೇ. ಆದರೆ ಹನ್ನೊಂದು ಹನ್ನೆರಡನೆಯ ಶತಮಾನಗಳಲ್ಲಿ ಇದು ಹಳ್ಳಿಯಾಗಿರಲಿಲ್ಲ. ಮೂರು ಪುರ, ಐದು ಮಠ, ಏಳು ಬ್ರಹ್ಮಪುರಿಗಳ ನಗರವೆಂದು ಶಾಸನಗಳು ಇದನ್ನು ಕೊಂಡಾಡುತ್ತವೆ. ಹರಿ, ಹರ, ಬ್ರಹ್ಮ, ಜಿನ, ಬುದ್ಧ ಈ ಐವರಿಗೂ ಇಲ್ಲಿ ನೆಲೆಯಿತ್ತು. ಬೌದ್ಧ ವಿಹಾರವೊಂದು 1065ರಲ್ಲಿ ಇಲ್ಲಿ ಕಟ್ಟಲ್ಪಟ್ಟಿತು ಎಂದರೆ ಎಷ್ಟೋ ಜನ ನಂಬುವುದಿಲ್ಲ. ದಕ್ಷಿಣದಲ್ಲಿ ಬೌದ್ಧಧರ್ಮ ಕ್ಷೀಣಿಸಿದ್ದ ಕಾಲವದು. ಆದರೂ ಬಳ್ಳಿಗಾವೆಯ ಬೀದಿಯಲ್ಲಿ ಬೌದ್ಧನಿಗೂ ಮನೆಯಿತ್ತು.

ಮೊದಲು ಕೆರೆಯ ಬಳಿಯ ಕೇದಾರೇಶ್ವರ ದೇವಾಲಯಕ್ಕೆ ಹೋಗಬೇಕು. ಮೂರು ಗರ್ಭಗೃಹಗಳ ತ್ರಿಕೂಟಾಚಲವಿದು. ಎರಡರಲ್ಲಿ ಲಿಂಗಗಳಿವೆ, ಒಂದರಲ್ಲಿ ವಿಷ್ಣು. ಶಿಖರಗಳ ಮುಂದೆ ಹೊಯ್ಸಳರ ಸಳನ ಲಾಂಛನವನ್ನು ಕಾಣಬಹುದು. ಹೊರಗೋಡೆಗಳಲ್ಲಿ ಬೇಲೂರಿನ ಸೂಕ್ಷ್ಮ ಕುಸುರಿಯಿಲ್ಲ, ಗಾತ್ರದ ಗಾಂಭೀರ್ಯವಿದೆ. ಬೇಲೂರಿನ ಮಾತು ಬಂದುದರಿಂದ ಒಂದು ಸಂಗತಿ: ಅಲ್ಲಿನ ಮದನಿಕೆಯರನ್ನು ಕಡೆದ ದಾಸೋಜ ಮತ್ತು ಅವನ ಮಗ ಚಾವಣ ಬಳ್ಳಿಗಾವೆಯವರು. ತಮ್ಮ ಊರಿನ ಹೆಸರನ್ನು ಆ ಶಿಲ್ಪಗಳ ಅಡಿಯಲ್ಲಿ ಬರೆಯಿಸಿಯೇ ಬಂದಿದ್ದಾರೆ. ಬೇಲೂರಿಗೆ ಹೋಗುವ ಲಕ್ಷಾಂತರ ಜನರಲ್ಲಿ ಬಳ್ಳಿಗಾವೆಗೆ ಬರುವವರು ಎಷ್ಟು ಮಂದಿ?

ಈ ಕೇದಾರೇಶ್ವರವೇ ಕೋಡಿಯ ಮಠದ ಸ್ಥಾನ. ಕೆರೆಯ ಕೋಡಿಯ ಬಳಿ ಇದ್ದುದರಿಂದ ಆ ಹೆಸರು. ಕಾಳಾಮುಖ ಶೈವರ ಮಠವಾದ ಇದರ ವರ್ಣನೆ 1162ರ ಶಾಸನವೊಂದರಲ್ಲಿ ಬರುತ್ತದೆ. ಕಲಚುರಿ ಬಿಜ್ಜಳನು ದಕ್ಷಿಣದ ಕಡೆ ದಂಡೆತ್ತಿ ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಾಗ ಈ ಮಠಕ್ಕೆ ದತ್ತಿ ಬಿಟ್ಟ ಸಂದರ್ಭವದು. ಅಣ್ಣ ಬಸವಣ್ಣನವರು ಯಾವ ಬಿಜ್ಜಳನ ಭಂಡಾರಿಯಾಗಿದ್ದರೋ ಅದೇ ಬಿಜ್ಜಳ, ಅದೇ ಕಾಲ. ಆ ಶಾಸನದ ಪ್ರಕಾರ ಈ ಮಠದಲ್ಲಿ ನಾಲ್ಕು ವೇದಗಳನ್ನೂ ಪಾಣಿನಿ, ಶಾಕಟಾಯನ ಮೊದಲಾದವರ ವ್ಯಾಕರಣಗಳನ್ನೂ ಆರು ದರ್ಶನಗಳನ್ನೂ ಯೋಗಶಾಸ್ತ್ರವನ್ನೂ ಕಾವ್ಯನಾಟಕಗಳನ್ನೂ ಕಲಿಸುತ್ತಿದ್ದರು. ಅಷ್ಟೇ ಆಗಿದ್ದರೆ ನಾವು ಇದನ್ನು ಇಷ್ಟು ಹೇಳುತ್ತಿರಲಿಲ್ಲ. ದೀನರು, ಅನಾಥರು, ಕುರುಡರು, ಕುಂಟರು, ಕಿವುಡರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಸನ್ಯಾಸಿಗಳು, ಏಕದಂಡಿ ತ್ರಿದಂಡಿಗಳು, ದೇಶದೇಶಗಳಿಂದ ಬಂದ ಭಿಕ್ಷುಕರು, ಇವರೆಲ್ಲರಿಗೂ ತಡೆಯಿಲ್ಲದೆ ಅನ್ನವಿಕ್ಕುವ ಸ್ಥಾನ, ರೋಗಿಗಳಿಗೆ ಮದ್ದು ಕೊಡುವ ಸ್ಥಾನ ಎಂದು ಅದು ಹೇಳುತ್ತದೆ. ದಾಸೋಹವೆಂಬ ಮಾತನ್ನು ನಾವು ಮನೆಮನೆಯಲ್ಲಿ ಆಡುತ್ತೇವೆ. ಮುಂದೆ ಕಾಳಾಮುಖ ಮಠಗಳಲ್ಲಿ ಅನೇಕವು ವೀರಶೈವ ಮಠಗಳಾದುವೆಂದು ಬಲ್ಲವರು ಹೇಳುತ್ತಾರೆ. ಇಂದು ಅನ್ನ ಹಾಕುವ, ಅಕ್ಷರ ಕಲಿಸುವ ನಮ್ಮ ಮಠಗಳನ್ನು ಕಂಡವರಿಗೆ ಈ ಕೆರೆಯ ಕೋಡಿಯಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕೆನಿಸೀತು.

ಇನ್ನು ಅಲ್ಲಮಪ್ರಭುವಿನ ವಿಚಾರ. ಹರಿಹರನ ರಗಳೆಯಲ್ಲಿ ಅವರು ಬಳ್ಳಿಗಾವೆಯವರು, ಮದ್ದಳೆ ಬಾರಿಸುವ ಕಲಾವಿದ. ಕಮಲತೆಯನ್ನು ಪ್ರೀತಿಸಿ ಮದುವೆಯಾಗುತ್ತಾರೆ. ಆಕೆ ಜ್ವರದಿಂದ ತೀರಿಕೊಂಡಾಗ ಮರುಳರಂತೆ ಅಲೆಯುತ್ತಾರೆ. ಮಣ್ಣಿನಲ್ಲಿ ಹುದುಗಿದ ಗುಡಿಯೊಂದನ್ನು ಅಗೆದು ಒಳಹೊಕ್ಕಾಗ ಅನಿಮಿಷಯ್ಯನ ಕೈಯ ಲಿಂಗ ಅವರಿಗೆ ದೊರೆಯುತ್ತದೆ. ಚಾಮರಸನಲ್ಲಿ ಕಥೆ ಬೇರೆ. ಅಲ್ಲಿ ಮಾಯಾದೇವಿಯ ಪ್ರಸಂಗ, ಬನವಾಸಿಯ ಮಧುಕೇಶ್ವರನ ಗುಡಿ. ಮನೆಗಳಲ್ಲಿ ಪುರಾಣವಾಗಿ ಓದುವುದು ಹೆಚ್ಚಾಗಿ ಚಾಮರಸನನ್ನೇ. ಆದರೆ ಬಳ್ಳಿಗಾವೆಯಲ್ಲಿ ನಿಂತಾಗ ನಮಗೆ ನೆನಪಾಗುವುದು ಹರಿಹರನ ಆ ಹೆಂಡತಿ ಸತ್ತ ಗಂಡನೇ. ಹೂತುಹೋದ ಗುಡಿಗಳು ಈ ಊರಿಗೆ ಕಲ್ಪನೆಯಲ್ಲ. ಹೊಲ ಉಳುವಾಗ ನೇಗಿಲಿಗೆ ಕಂಬದ ತುದಿ ತಗುಲುವುದು ಇಲ್ಲಿನ ರೈತರಿಗೆ ಹೊಸತಲ್ಲ.

ಒಂದು ವಿಷಯವನ್ನು ಮುಚ್ಚಿಡದೆ ಹೇಳಬೇಕು. ಬಳ್ಳಿಗಾವೆಯ ಶಾಸನಗಳು ಹತ್ತಾರು. ದಂಡನಾಯಕರು, ಸೆಟ್ಟಿಗಳು, ಮಠದ ಆಚಾರ್ಯರು, ದೇವರ ಹೂದೋಟದ ಅಳತೆ, ಎಣ್ಣೆಗಾಣದ ತೆರಿಗೆ ಎಲ್ಲವೂ ಅಲ್ಲಿವೆ. ನಾವು ಓದಿದ ಮಟ್ಟಿಗೆ, ಅಚ್ಚಾದ ಆ ಶಾಸನಗಳಲ್ಲಿ ಅಲ್ಲಮನ ಹೆಸರಿಲ್ಲ. ಇದನ್ನು ಹೇಳಿದಾಗ ನಮ್ಮವರೇ ಕೆಲವರು ಮುಖ ಸಿಂಡರಿಸಿದ್ದಾರೆ. ಸಿಟ್ಟಾಗಲು ಕಾರಣವೇನು? ಕಲ್ಲಿನಲ್ಲಿ ಹೆಸರು ಬರೆಯಿಸಿಕೊಳ್ಳುವವನು ಭೂಮಿ ಕೊಟ್ಟವನು ಅಥವಾ ಪಡೆದವನು. ಅಲ್ಲಮರು ಎರಡೂ ಅಲ್ಲ. ಗುಡಿಯಲ್ಲಿ ಮದ್ದಳೆ ಬಾರಿಸಿದ ಹುಡುಗನೊಬ್ಬ ಎಲ್ಲವನ್ನೂ ತೊರೆದು ಊರು ಬಿಟ್ಟರೆ ಅದನ್ನು ಯಾವ ಅಧಿಕಾರಿ ಬರೆಯಿಸಿಯಾನು? ಅವರ ಮಾತುಗಳನ್ನು ಉಳಿಸಿದ್ದು ಓಲೆಗರಿ ಮತ್ತು ಜನರ ನಾಲಗೆ. ಊರಿನಲ್ಲಿ ಪ್ರಭುದೇವರ ಗುಡಿಯಿದೆ. ಅಲ್ಲಿಗೂ ತಪ್ಪದೆ ಹೋಗಬೇಕು.

ತ್ರಿಪುರಾಂತಕೇಶ್ವರ ದೇವಾಲಯ ಇನ್ನೊಂದು ಮಗ್ಗುಲಲ್ಲಿದೆ. ಹನ್ನೊಂದನೆಯ ಶತಮಾನದ್ದು. ಅದರ ಬಾಗಿಲುವಾಡದ ಜಾಲರಿ ಕೆಲಸ ನೋಡುವಂಥದು. ಮಕ್ಕಳನ್ನು ಮಾತ್ರ ತಳಪಾದಿಯ ಕಡೆಗೆ ಕರೆದೊಯ್ಯಿರಿ. ಪಂಚತಂತ್ರದ ಕಥೆಗಳನ್ನು ಅಲ್ಲಿ ಸಣ್ಣ ಸಣ್ಣ ಚೌಕಗಳಲ್ಲಿ ಕಡೆದಿದ್ದಾರೆ. ಕಥೆಗಳನ್ನು ಗುರುತಿಸುವ ಆಟವನ್ನು ನಮ್ಮ ಮನೆಯ ಹುಡುಗರು ಒಂದು ಗಂಟೆ ಆಡಿದ್ದಾರೆ. ದೊಡ್ಡವರಿಗೆ ಸಂಕೋಚವೆನಿಸುವ ಕೆಲವು ಮಿಥುನ ಶಿಲ್ಪಗಳೂ ಇವೆ. ಅದಕ್ಕಾಗಿ ಈ ಗುಡಿಯನ್ನು ಬಿಡುವುದು ಸರಿಯಲ್ಲ.

ಗಂಡಭೇರುಂಡದ ಕಂಬವನ್ನು ಕಾಣದೆ ಬರಬಾರದು. ಬನವಾಸಿ ನಾಡನ್ನಾಳುತ್ತಿದ್ದ ಚಾವುಂಡರಾಯರಸನು 1047ರಲ್ಲಿ ನಿಲ್ಲಿಸಿದ್ದು. ಗೊಮ್ಮಟನನ್ನು ಕಡೆಯಿಸಿದ ಚಾವುಂಡರಾಯನೇ ಈತನೆಂದು ಕೆಲವರು ತಪ್ಪು ತಿಳಿಯುತ್ತಾರೆ; ಆತ ಇವನಿಗಿಂತ ಎರಡು ತಲೆಮಾರು ಹಿಂದಿನವನು, ಗಂಗರ ಮಂತ್ರಿ. ಕಂಬದ ಮೇಲೆ ಮನುಷ್ಯದೇಹದ, ಎರಡು ಹಕ್ಕಿತಲೆಗಳ ಮೂರ್ತಿ ಇದೆ. ನಮ್ಮ ರಾಜ್ಯದ ಲಾಂಛನದಲ್ಲಿರುವುದು ಇದೇ ಗಂಡಭೇರುಂಡ ಎಂದರೆ ಮಕ್ಕಳ ಕಣ್ಣರಳುತ್ತದೆ.

ದಾರಿಯುದ್ದಕ್ಕೂ ಕಾಣುವ ಬಿಡಿಗಲ್ಲುಗಳನ್ನು ಓದುವ ಕ್ರಮವನ್ನು ಇಲ್ಲಿ ಹೇಳಿಬಿಡುತ್ತೇವೆ. ಮೂರು ಪಟ್ಟಿಕೆಗಳಿದ್ದರೆ ಅದು ವೀರಗಲ್ಲು. ಕೆಳಗಿನಿಂದ ಮೇಲಕ್ಕೆ ಓದಬೇಕು: ಅಡಿಯಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಎತ್ತಿ ಒಯ್ಯುವುದು, ತುದಿಯಲ್ಲಿ ಅವನು ಕೈಲಾಸದಲ್ಲಿ ಲಿಂಗದ ಮುಂದೆ ಕುಳಿತಿರುವುದು. ಕಾಳಗದ ಹಿಂದೆ ಹಸುಗಳಿದ್ದರೆ ತುರುಗೋಳಿನಲ್ಲಿ, ಎಂದರೆ ಊರ ದನಗಳನ್ನು ಕಳ್ಳರಿಂದ ಬಿಡಿಸುವಾಗ ಸತ್ತವನು. ರಾಜನಲ್ಲ, ದಳಪತಿಯಲ್ಲ, ನಿಮ್ಮಂತೆ ನಮ್ಮಂತೆ ಒಬ್ಬ ಒಕ್ಕಲಿಗನೋ ಗೋವಳನೋ. ಬಳೆ ತೊಟ್ಟ ಕೈಯೊಂದು ಕಂಬದಿಂದ ಚಾಚಿ ನಿಂತಿದ್ದರೆ ಅದು ಮಾಸ್ತಿಗಲ್ಲು, ಗಂಡನೊಡನೆ ಚಿತೆಯೇರಿದ ಹೆಣ್ಣಿನದು. ಇದರ ಮುಂದೆ ಕುಂಕುಮ ಹಚ್ಚಿ ಕೈಮುಗಿಯುವುದನ್ನು ಕಂಡಿದ್ದೇವೆ. ನಮಗೆ ಅದರ ಮುಂದೆ ನಿಂತಾಗ ಭಕ್ತಿಗಿಂತ ಸಂಕಟವೇ ಹೆಚ್ಚಾಗುತ್ತದೆ. ಸೂರ್ಯ ಚಂದ್ರ, ಹಸು ಕರು, ಲಿಂಗ ಇವು ತಲೆಯಲ್ಲಿದ್ದು ಕೆಳಗೆ ಸಾಲುಸಾಲಾಗಿ ಅಕ್ಷರವಿದ್ದರೆ ದಾನಶಾಸನ. ಚಂದ್ರ ಸೂರ್ಯರಿರುವವರೆಗೆ ಈ ದಾನ ನಡೆಯಲಿ, ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ಬರಲಿ ಎಂಬ ಶಾಪ ಸಾಮಾನ್ಯವಾಗಿ ಕೊನೆಯಲ್ಲಿರುತ್ತದೆ.

ಆ ಶಾಪ ಯಾರಿಗೆ ತಟ್ಟಿತೋ ತಿಳಿಯದು. ನಮ್ಮ ಬಾಲ್ಯದಲ್ಲಿ ಒಂದು ಊರಿನ ಕೆರೆಯ ಮೆಟ್ಟಿಲಿಗೆ ವೀರಗಲ್ಲನ್ನು ಮಲಗಿಸಿದ್ದರು. ಮೂರು ಪಟ್ಟಿಕೆಗಳೂ ಮೇಲುಮುಖವಾಗಿದ್ದುವು. ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಿದ್ದರು, ನಾವು ಅದರ ಮೇಲೆ ನಿಂತು ನೀರಿಗೆ ಹಾರುತ್ತಿದ್ದೆವು. ಅದೇನೆಂದು ನಮಗೆ ಯಾರೂ ಹೇಳಿರಲಿಲ್ಲ, ಹೇಳಬೇಕಾದವರಿಗೂ ಗೊತ್ತಿರಲಿಲ್ಲ. ಬೆಳೆದ ಮೇಲೆ ಹೋಗಿ ನೋಡಿದಾಗ ಮುಖಗಳೆಲ್ಲ ಸವೆದು ಸಪಾಟಾಗಿದ್ದುವು. ಆ ಕಲ್ಲನ್ನು ಸವೆಸಿದ ಕಾಲುಗಳಲ್ಲಿ ನಮ್ಮವೂ ಎರಡು. ಈ ಅಂಕಣವನ್ನು ಬರೆಯಲು ತೊಡಗಿದ್ದಕ್ಕೆ ಅದೂ ಒಂದು ಕಾರಣ.

ತಾಳಗುಂದಕ್ಕೆ ಬನ್ನಿ. ಪ್ರಣವೇಶ್ವರನ ಗುಡಿ ನೋಡಲು ಅತಿ ಸರಳ. ಅದರ ಮುಂದಿನ ಕಂಬದಲ್ಲಿ ಕನ್ನಡ ನಾಡಿನ ಮೊದಲ ಅರಸುಮನೆತನದ ಕಥೆಯಿದೆ. ಐದನೆಯ ಶತಮಾನದಲ್ಲಿ, ಕದಂಬ ಶಾಂತಿವರ್ಮನ ಕಾಲದಲ್ಲಿ, ಕುಬ್ಜನೆಂಬ ಕವಿ ಸಂಸ್ಕೃತದಲ್ಲಿ ರಚಿಸಿದ್ದು. ವಿದ್ಯೆಗಾಗಿ ಕಂಚಿಗೆ ಹೋದ ಮಯೂರಶರ್ಮನು ಪಲ್ಲವರ ಕುದುರೆಸವಾರನೊಡನೆ ಜಗಳವಾಗಿ ಅವಮಾನಗೊಂಡು, ದರ್ಭೆ ಹಿಡಿಯುವ ಕೈಯಲ್ಲಿ ಕತ್ತಿ ಹಿಡಿದ ವೃತ್ತಾಂತ ಅದರಲ್ಲಿದೆ. ಇದೇ ಗುಡಿಯ ಆವರಣದಲ್ಲಿ 2013ರಲ್ಲಿ ಅಗೆತ ನಡೆದಾಗ ಸಿಂಹಕಟಾಂಜನದ ಮೇಲೆ ಕನ್ನಡ ಮಾತುಗಳುಳ್ಳ ಶಾಸನವೊಂದು ದೊರೆಯಿತು. ವಿದ್ವಾಂಸರು ಅದನ್ನು ಸುಮಾರು 370ರದೆಂದು ಹೇಳಿದ್ದಾರೆ. ಹಾಗಿದ್ದರೆ ಸುಮಾರು 450ರ ಹಲ್ಮಿಡಿ ಶಾಸನಕ್ಕಿಂತ ಅದು ಹಳೆಯದು. ನಾವೆಲ್ಲ ಶಾಲೆಯಲ್ಲಿ ಕಲಿತ ಪಾಠ ನಮ್ಮದೇ ನೆರೆಯೂರಿನ ಮಣ್ಣಿನಿಂದ ತಿದ್ದಲ್ಪಟ್ಟಿತು. ಇನ್ನೂ ಹಳೆಯದು ಬೇಕೆಂದರೆ ಮಳವಳ್ಳಿಯ ಕಂಬವಿದೆ. ಶಾತಕರ್ಣಿಯ ಪ್ರಾಕೃತ ಬರಹ, ಅದರ ಕೆಳಗೆ ಕದಂಬರ ಕಾಲದ ಬರಹ. ಹಳೆಯ ಮೈಸೂರು ಸೀಮೆಯ ಮಳವಳ್ಳಿಯೊಡನೆ ಗೊಂದಲ ಬೇಡ, ಇದು ನಮ್ಮ ತಾಲ್ಲೂಕಿನದು.

ಉಡುತಡಿ ಉಡುಗಣಿಯ ಬಳಿಯಿದೆ. ಅಕ್ಕನ ಎತ್ತರದ ಪ್ರತಿಮೆ ಈಚಿನ ವರ್ಷಗಳಲ್ಲಿ ಎದ್ದುನಿಂತು, ಬರುವ ಜನವೂ ಹೆಚ್ಚಿದ್ದಾರೆ. ಒಳ್ಳೆಯದೇ. ಆದರೆ ಪ್ರತಿಮೆಯನ್ನು ನೋಡಿ ಹಿಂದಿರುಗುವ ಬದಲು ಒಂದು ಕ್ಷಣ ಉತ್ತರ ದಿಕ್ಕಿನ ದಾರಿಯನ್ನು ನೋಡಿರಿ. ಇಲ್ಲಿಂದ ಕಲ್ಯಾಣ ಇಂದಿನ ರಸ್ತೆಯಲ್ಲೂ ಸುಮಾರು 500 ಕಿಲೋಮೀಟರ್. ಅರಸ ಕೌಶಿಕನ ಅರಮನೆಯನ್ನು ಧಿಕ್ಕರಿಸಿದ ಎಳೆಯ ಹೆಣ್ಣೊಬ್ಬಳು ಉಟ್ಟ ಬಟ್ಟೆಯನ್ನೂ ಬಿಟ್ಟು ಅಷ್ಟು ದೂರ ಒಬ್ಬಳೇ ನಡೆದಳು. ಅಲ್ಲಿಂದ ಮತ್ತೆ ಶ್ರೀಶೈಲಕ್ಕೆ. ಮದುವೆಯಾಗಿ ಬಿಟ್ಟಳೆಂದು ಹರಿಹರ, ಮದುವೆಯಾಗಲೇ ಇಲ್ಲವೆಂದು ಚಾಮರಸ. ಮದುವೆಯಾಗಲಿಲ್ಲವೆಂದರೆ ಅಕ್ಕನ ಗೌರವ ಹೆಚ್ಚುತ್ತದೆಂದು ವಾದಿಸುವ ಹಿರಿಯರನ್ನು ಕಂಡಿದ್ದೇವೆ. ಬೇಡದ ಮನೆಯನ್ನು ದಾಟಿ ಹೊರಬಂದ ಹೆಣ್ಣಿನ ಧೈರ್ಯ ಕಡಿಮೆಯೆಂದು ನಮಗೆ ಅನಿಸಿಲ್ಲ.

ಅಕ್ಕನ ಹೆಸರು ಎಲ್ಲರಿಗೂ ಗೊತ್ತು. ಇದೇ ಸೀಮೆಯ ಸತ್ಯಕ್ಕನನ್ನು ಬಲ್ಲವರು ಕಡಿಮೆ. ಹಿರೇಜಂಬೂರಿನವಳು, ಶಂಭುಜಕ್ಕೇಶ್ವರ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದಳು. ಗಂಡು ಹೆಣ್ಣೆಂಬ ಭೇದವನ್ನು, ಲಂಚಕ್ಕೆ ಕೈಯೊಡ್ಡುವುದನ್ನು ಅಷ್ಟು ನಿಷ್ಠುರವಾಗಿ ಮುಟ್ಟಿದವರು ಅಪರೂಪ. ಜಂಬೂರಿಗೆ ಯಾತ್ರಿಕರ ಬಸ್ಸುಗಳು ಹೋಗುವುದಿಲ್ಲ. ನೀವಾದರೂ ಹೋಗಿ.

ಸಮಯವಿದ್ದವರು ಬಂದಳಿಕೆಯನ್ನು ಬಿಡಬಾರದು. ಹಾಳೂರು, ಗಿಡಮರಗಳ ನಡುವೆ ಶಾಂತಿನಾಥ ಬಸದಿ, ತ್ರಿಮೂರ್ತಿ ನಾರಾಯಣ, ಸೋಮೇಶ್ವರ ದೇವಾಲಯಗಳು ನಿಂತಿವೆ. ಇಲ್ಲಿಗೆ ಸಂಬಂಧಿಸಿದ ಒಂದು ಶಾಸನ ನಮಗೆ ಬಹು ಪ್ರಿಯವಾದದ್ದು. ಹತ್ತನೆಯ ಶತಮಾನದ ಆದಿಯಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ, ನಾಗರಖಂಡ ಎಪ್ಪತ್ತನ್ನು ನೋಡಿಕೊಳ್ಳುತ್ತಿದ್ದ ನಾಗಾರ್ಜುನನು ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ವಹಿಸಿದರು. ಆಕೆ ಚೆನ್ನಾಗಿ ಆಡಳಿತ ನಡೆಸಿದಳು. ಕಾಯಿಲೆ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ ಬಂದಳಿಕೆಯ ಬಸದಿಯಲ್ಲಿ ವ್ರತಹಿಡಿದು ಪ್ರಾಣಬಿಟ್ಟಳು. ವಿಧವೆಯೊಬ್ಬಳ ಕೈಗೆ ಎಪ್ಪತ್ತು ಊರುಗಳ ಲೆಕ್ಕ! ಸಾವಿರ ವರ್ಷಗಳ ತರುವಾಯವೂ ಪಂಚಾಯಿತಿಯ ಸಭೆಯಲ್ಲಿ ಸದಸ್ಯೆಯ ಕುರ್ಚಿಯಲ್ಲಿ ಗಂಡ ಕುಳಿತಿರುವುದನ್ನು ಕಂಡ ನಮಗೆ ಜಕ್ಕಿಯಬ್ಬೆಯ ನೆನಪಾಗದೆ ಇರದು.

ಕಲ್ಲುಗಳ ಕಾಲದಿಂದ ನಮ್ಮ ತಂದೆಯರ ಕಾಲಕ್ಕೆ ಬಂದರೆ ಈಸೂರು. 1942ರ ಚಲೇಜಾವ್ ಚಳವಳಿಯಲ್ಲಿ ಈ ಹಳ್ಳಿಯ ಜನ ಕಂದಾಯ ಕೊಡುವುದಿಲ್ಲವೆಂದು, ನಾವು ಸ್ವತಂತ್ರರೆಂದು ಸಾರಿ, ವೀರಭದ್ರೇಶ್ವರನ ಗುಡಿಯ ಮೇಲೆ ಬಾವುಟ ಹಾರಿಸಿದರು. ಬಾಲಕರಿಬ್ಬರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿಕೊಂಡರು. ಸೆಪ್ಟೆಂಬರಿನಲ್ಲಿ ಸರಕಾರದ ಅಮಲ್ದಾರರೂ ಪೊಲೀಸರೂ ಬಂದಾಗ ಗಲಭೆಯಾಗಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಪ್ರಾಣ ಕಳೆದುಕೊಂಡರು. ಆಮೇಲೆ ಊರಿನ ಮೇಲೆ ಬಿದ್ದ ದಂಡನೆ ಘೋರವಾಗಿತ್ತು. ಗಂಡಸರು ಕಾಡಿಗೆ ಓಡಿದರು, ಹೆಂಗಸರೂ ಸೆರೆಮನೆ ಕಂಡರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಳ್ಳಿ ಹಾಲಪ್ಪ, ಗೌಡರ ಶಂಕರಪ್ಪ ಈ ಐವರನ್ನು 1943ರ ಮಾರ್ಚಿಯಲ್ಲಿ ಬೆಂಗಳೂರಿನಲ್ಲಿ ಗಲ್ಲಿಗೇರಿಸಿದರು. ಭಾಷಣಗಳಲ್ಲಿ ಈಸೂರಿನ ಶೌರ್ಯವನ್ನಷ್ಟೇ ಹೇಳುತ್ತಾರೆ. ಸತ್ತ ಅಧಿಕಾರಿಗಳಿಬ್ಬರೂ ಕನ್ನಡಿಗರೇ, ಅವರ ಮನೆಗಳಲ್ಲೂ ಹೆಂಡತಿ ಮಕ್ಕಳಿದ್ದರು ಎಂಬುದನ್ನು ಈಸೂರಿನ ಹಿರಿಯರೊಬ್ಬರೇ ನಮ್ಮೊಡನೆ ತಗ್ಗಿದ ದನಿಯಲ್ಲಿ ಆಡಿದ್ದರು. ವೀರಭದ್ರನ ಗುಡಿಯ ಕಟ್ಟೆಯ ಮೇಲೆ ಕುಳಿತು, ವಯಸ್ಸಾದವರು ಸಿಕ್ಕಿದರೆ, ಕೇಳಿ ತಿಳಿಯಿರಿ. ಕಣ್ಣಾರೆ ಕಂಡವರ ಪೀಳಿಗೆ ಮುಗಿಯುತ್ತ ಬಂದಿದೆ; ಕೇಳಿದವರು ಇನ್ನೂ ಇದ್ದಾರೆ.

ಹಿಂದಿರುಗುವಾಗ ಹಿರೇಕೆರೂರಿನ ದಾರಿ ಹಿಡಿಯುವವರು ಅಬ್ಬಲೂರಿನ ಸೋಮೇಶ್ವರನಲ್ಲಿ ಇಳಿಯಬೇಕು. ಏಕಾಂತದ ರಾಮಯ್ಯನ ಕಥೆಯನ್ನು ಅಲ್ಲಿ ಶಾಸನದಲ್ಲೂ ಬರೆದಿದೆ, ಶಿಲ್ಪದಲ್ಲೂ ಕಡೆದಿದೆ. ಅಲ್ಲಮನಿಗೆ ದೊರೆಯದ ಕಲ್ಲು ರಾಮಯ್ಯನಿಗೆ ದೊರೆಯಿತು. ಸೊರಬದ ಕಡೆ ಹೋಗುವವರು ಆನವಟ್ಟಿಯ ಬಳಿಯ ಕೈಟಭೇಶ್ವರನ ಕಂಬಗಳ ಮಂಟಪವನ್ನು ನೋಡಿ ಮುಂದೆ ಸಾಗಬಹುದು.

ಕೊನೆಯದಾಗಿ ಕೆಲವು ಬಿನ್ನಹಗಳು. ಗುಡಿಗಳ ಶಿಲ್ಪಕ್ಕೆ ಎಣ್ಣೆ, ಅರಿಸಿನ ಹಚ್ಚಬೇಡಿ. ಅಕ್ಷರ ಕಾಣಲೆಂದು ಸುಣ್ಣ ತಿಕ್ಕಬೇಡಿ. ಹೊಲದಲ್ಲಿ ಕಲ್ಲು ಕಂಡರೆ ಎತ್ತಿ ಗೋಡೆಗೆ ಒರಗಿಸಬೇಡಿ, ಅದು ನಿಂತ ಜಾಗವೂ ಅದರ ಮಾತಿನ ಭಾಗ. ಪ್ರಾಚ್ಯವಸ್ತು ಇಲಾಖೆಯವರಿಗೋ ಹತ್ತಿರದ ಕಾಲೇಜಿನ ಇತಿಹಾಸದ ಅಧ್ಯಾಪಕರಿಗೋ ತಿಳಿಸಿರಿ. ಬುತ್ತಿ ಕಟ್ಟಿಕೊಂಡು ಬನ್ನಿ, ಬಳ್ಳಿಗಾವೆಯಲ್ಲಿ ಊಟದ ಮನೆಗಳನ್ನು ನೆಚ್ಚುವಂತಿಲ್ಲ. ಬನವಾಸಿಯನ್ನೂ ಈ ಸುತ್ತಿನಲ್ಲಿಯೇ ಮುಗಿಸಬಹುದೆ ಎಂದು ಕೇಳುವವರಿದ್ದಾರೆ. ಮುಗಿಸಬೇಡಿ, ಅದಕ್ಕೆ ಒಂದು ಇಡೀ ದಿನ ಬೇಕು, ಈ ಅಂಕಣಕ್ಕೆ ಒಂದು ಇಡೀ ಸಂಚಿಕೆ. ಮುಂದಿನ ತಿಂಗಳು ವರದೆಯ ದಡದಲ್ಲಿ ಭೇಟಿಯಾಗೋಣ.